ಮಂಗಳವಾರದ ರೂಮು

ನಾನು ಪ್ಲಾಸ್ಟಿಕ್ ಕ್ರೇಟು ಮಾರುವವಳು. ಟೊಮ್ಯಾಟೊ ತುಂಬುವ ಕ್ರೇಟು, ಹೂವಿನ ಬುಟ್ಟಿ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ, ಎಲ್ಲವನ್ನೂ ಈಗ ಪ್ಲಾಸ್ಟಿಕ್ಕಿನಲ್ಲೇ ಮಾಡುತ್ತಾರೆ. ಬಿದಿರಿನ ಚಂದ್ರಿಕೆ ನೋಡಿ ಬೆಳೆದವಳು ನಾನು. ಅದನ್ನು ಬಿಟ್ಟು ನಮ್ಮದನ್ನು ಕೊಳ್ಳಿ ಅಂತ ಊರೂರು ತಿರುಗುವುದೇ ನನ್ನ ಉದ್ಯೋಗವಾದದ್ದು ಹೇಗೆಂದು ಒಮ್ಮೊಮ್ಮೆ ನನಗೇ ಆಶ್ಚರ್ಯವಾಗುತ್ತದೆ. ಮನೆ ತುಮಕೂರಿನಲ್ಲಿ. ಗಿರಾಕಿಗಳೆಲ್ಲ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಕಡೆ. ಸೋಮವಾರ ಬೆಳಿಗ್ಗೆ ಕಾರಿನ ಹಿಂದಿನ ಸೀಟಿಗೆ ಸ್ಯಾಂಪಲ್ ಕ್ರೇಟುಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ಹೊರಟರೆ ಗುರುವಾರ ಸಂಜೆ ಮಧುಗಿರಿ ದಾರಿಯಲ್ಲಿ ಮನೆಗೆ ವಾಪಸ್ಸು. ಹೀಗೆ ವಾರದ ಅರ್ಧ ಹೊರಗೆ, ಅರ್ಧ ಒಳಗೆ.

ರಾತ್ರಿ ಅಲ್ಲಲ್ಲೇ ಉಳಿಯದೆ ಈ ಕೆಲಸ ಆಗುವುದಿಲ್ಲ. ಚಿಂತಾಮಣಿಯ ಮಾರುಕಟ್ಟೆಯಲ್ಲಿ ಟೊಮ್ಯಾಟೊ ವ್ಯಾಪಾರ ಬೆಳಕು ಹರಿಯುವ ಮೊದಲೇ ಶುರು. ಮಂಡಿಯವರು ಕೈಗೆ ಸಿಗುವುದು, ಒಂದು ಗಳಿಗೆ ನಿಂತು ಮಾತಾಡುವುದು ಆ ಹೊತ್ತಿನಲ್ಲೇ. ಬಿಸಿಲೇರಿದ ಮೇಲೆ ಹೋದರೆ ಖಾಲಿ ಕ್ರೇಟುಗಳ ಹತ್ತಿರ ಮಾತಾಡಿ ಬರಬೇಕು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯೂ ಹಾಗೆಯೇ, ತಡವಾಗಿ ಬಂದವರನ್ನು ಯಾರೂ ಕಾಯುವುದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಹೂವಿನವರು, ದ್ರಾಕ್ಷಿಯವರು. ಗೌರಿಬಿದನೂರಿನಲ್ಲಿ ಹಾಲಿನ ಡೇರಿಗಳು, ತರಕಾರಿ ಮಂಡಿಗಳು.

ಹಾಗಾಗಿ ಸೋಮವಾರ ಚಿಕ್ಕಬಳ್ಳಾಪುರದ ಒಂದು ಲಾಡ್ಜಿನಲ್ಲಿ, ಬುಧವಾರ ಗೌರಿಬಿದನೂರಿನ ಇನ್ನೊಂದರಲ್ಲಿ ಉಳಿಯುತ್ತಿದ್ದೆ. ಮಂಗಳವಾರ ಮಾತ್ರ ಚಿಂತಾಮಣಿಯಲ್ಲಿ ಚಿಕ್ಕಮ್ಮನ ಮನೆ. ಅದರ ಬಗ್ಗೆ ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಚಿಕ್ಕಮ್ಮ ನನ್ನ ಅಮ್ಮನ ಕೊನೆಯ ತಂಗಿ. ನನಗೂ ಅವಳಿಗೂ ವಯಸ್ಸಿನ ಅಂತರ ಹೆಚ್ಚಿಲ್ಲ. ತೊಂಡೇಬಾವಿ ಹತ್ತಿರದ ನಮ್ಮ ಊರಿನಲ್ಲಿ ನನ್ನ ತಲೆ ಬಾಚಿ ಸ್ಕೂಲಿಗೆ ಕಳಿಸುತ್ತಿದ್ದವಳು ಅವಳೇ. ಮದುವೆಯಾಗಿ ಚಿಂತಾಮಣಿಗೆ ಬಂದಳು. ಚಿಕ್ಕಪ್ಪ ವಿದ್ಯುತ್ ಇಲಾಖೆಯಲ್ಲಿದ್ದು ಈಗ ನಿವೃತ್ತರಾಗಿದ್ದಾರೆ. ಅಂಬಾಜಿದುರ್ಗದ ಕಡೆ ಒಂದಿಷ್ಟು ಜಮೀನಿದೆ. ರಾಗಿ, ಅವರೆ ಮನೆಗೆ ಬರುತ್ತದೆ. ಮಕ್ಕಳಿಬ್ಬರೂ ಕೋಲಾರದಲ್ಲಿ ಸಂಸಾರ ಹೂಡಿದ್ದಾರೆ, ಭಾನುವಾರ ಬಂದು ಹೋಗುತ್ತಾರೆ.

ನಾನು ಮಂಗಳವಾರ ಸಂಜೆ ಚಿಕ್ಕಮ್ಮನ ಗೇಟು ತೆಗೆಯುವ ಹೊತ್ತಿಗೆ ಒಲೆಯ ಮೇಲೆ ಸಾರು ಕುದಿಯುತ್ತಿರುತ್ತಿತ್ತು. ಮುದ್ದೆ ಎರಡು ತಿಂದರೆ ಮೂರನೆಯದು ತಟ್ಟೆಗೆ ಬಂದು ಬೀಳುತ್ತಿತ್ತು. ಚಿಕ್ಕಪ್ಪ ಟಿವಿಯ ಸುದ್ದಿ ಹಾಕಿಕೊಂಡು ಅದರ ಮೇಲೆ ತಮ್ಮದೂ ಒಂದು ಸುದ್ದಿ ಹೇಳುತ್ತಿದ್ದರು. ಪಕ್ಕದ ಮನೆಯವರು ಬಂದು ‘ಗಂಡ ಚೆನ್ನಾಗಿದಾರಾ? ಮಗಳು ಏನ್ ಓದ್ತಾ ಇದಾಳೆ?’ ಅಂತ ಕೇಳಿದ್ದನ್ನೇ ಮತ್ತೆ ಕೇಳಿ ಹೋಗುತ್ತಿದ್ದರು. ನನಗೆ ಅಲ್ಲಿ ಪ್ರೀತಿಗೆ ಏನೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ಒಂದು ಬಾಗಿಲು. ದಿನವೆಲ್ಲ ಮಾತಾಡಿ ಗಂಟಲು ಒಣಗಿಸಿಕೊಂಡು ಬಂದವಳಿಗೆ ಚಿಲಕ ಹಾಕಿಕೊಂಡು ಒಂದು ಗಂಟೆ ಸುಮ್ಮನೆ ಕೂರಲು ಬೇಕಿತ್ತು, ಅಷ್ಟೇ. ನಡುಮನೆಯಲ್ಲಿ ಹಾಸಿದ ಹಾಸಿಗೆಯ ಮೇಲೆ ಕೂತು, ಟಿವಿಯ ಎದುರಿಗೆ, ಲ್ಯಾಪ್‌ಟಾಪ್ ತೆರೆದು ಆ ದಿನದ ಆರ್ಡರುಗಳನ್ನು ಆಫೀಸಿಗೆ ಕಳಿಸುವಾಗ ಚಿಕ್ಕಮ್ಮ ಪಕ್ಕದಲ್ಲೇ ಕಾಯುತ್ತಿದ್ದಳು, ಮುಗಿದ ಕೂಡಲೇ ಮಾತಿಗೆ ಶುರು ಮಾಡಲು. ಅವಳ ಕಣ್ಣು ನಿದ್ದೆಗೆ ಎಳೆಯುತ್ತಿರುವುದು ನನಗೆ ಕಾಣಿಸುತ್ತಿತ್ತು. ನನ್ನ ಕಣ್ಣೂ ಎಳೆಯುತ್ತಿತ್ತು. ಆದರೂ ಇಬ್ಬರೂ ಮಾತಾಡುತ್ತಿದ್ದೆವು.

ಇದನ್ನು ಬದಲಾಯಿಸುವ ಯೋಚನೆ ನನಗೆ ತಾನಾಗಿ ಬರುತ್ತಿರಲಿಲ್ಲ. ಕಂಪನಿಯಿಂದ ಒಂದು ಮೇಲ್ ಬಂತು. ಹೊರಗೆ ತಿರುಗುವ ಸಿಬ್ಬಂದಿಯೆಲ್ಲ ಇನ್ನು ಮುಂದೆ ಸಿಕ್ಕ ಸಿಕ್ಕ ಲಾಡ್ಜಿನ ಬಿಲ್ಲು ತರುವಂತಿಲ್ಲ. ಯಾವುದಾದರೂ ಒಂದು ಹೋಟೆಲ್ ಬಳಗದ ಸದಸ್ಯತ್ವ ಆರಿಸಿಕೊಂಡು ಅದರಲ್ಲೇ ಉಳಿಯಬೇಕು. ಅದರಿಂದ ಬರುವ ಪಾಯಿಂಟು, ರಿಯಾಯಿತಿ, ಬಿಟ್ಟಿ ರಾತ್ರಿ ಎಲ್ಲವೂ ನಿಮಗೇ. ಯಾವುದೆಂದು ತಿಂಗಳ ಕೊನೆಯೊಳಗೆ ತಿಳಿಸಿ.

ನಮ್ಮ ಕಂಪನಿಯಲ್ಲೇ ಡೇರಿ ವಿಭಾಗ ನೋಡಿಕೊಳ್ಳುವ ಸಹೋದ್ಯೋಗಿಯೊಬ್ಬ ಗೌರಿಬಿದನೂರಿನವನು. ನನಗಿಂತ ಚಿಕ್ಕವನು, ಅಕ್ಕಾ ಅಂತಾನೆ. ಈ ಪಾಯಿಂಟುಗಳ ವಿಷಯದಲ್ಲಿ ಅವನು ಮುಳುಗಿಹೋದವನು. ಪೆಟ್ರೋಲಿಗೊಂದು ಕಾರ್ಡು, ಚಪ್ಪಲಿಗೊಂದು ಕಾರ್ಡು ಇಟ್ಟುಕೊಂಡಿದ್ದಾನೆ. ಮೇಲ್ ಬಂದ ದಿನವೇ ಫೋನು ಮಾಡಿದ.

“ಅಕ್ಕಾ, ಯೋಚ್ನೆನೇ ಮಾಡ್ಬೇಡಿ. ಹೋಟ್ಲು ಬುಕ್ ಮಾಡೋ ಆ್ಯಪ್ ಒಂದಿದೆ, ಹಾಕ್ಕೊಳ್ಳಿ. ಅವ್ರ ಹೋಟ್ಲು ದೇಶದ್ ತುಂಬಾ ಇದೆ. ನಮ್ ನಾಲ್ಕೂ ಊರಲ್ಲಿ ಬೋರ್ಡ್ ಹಾಕವ್ರೆ. ಮೂರು ತಿಂಗ್ಳಲ್ಲಿ ನೀವು ಗೋಲ್ಡ್ ಮೆಂಬರ್ರು.”

“ಗೋಲ್ಡ್ ಆದ್ರೆ ಏನಪ್ಪಾ ಆಗುತ್ತೆ?”

“ಏನಾಗುತ್ತಾ? ಗೋವಾಗೆ ಹೋಗಿ ಫ್ರೀಯಾಗಿ ಮಲಕ್ಕೊಂಡ್ ಬರಬೋದು!”

ಗೋವಾಕ್ಕೆ ಹೋಗಿ ಮಲಗುವ ಆಸೆ ನನಗೇನೂ ಇರಲಿಲ್ಲ. ಆದರೂ ಅವನು ಅಷ್ಟು ಉತ್ಸಾಹದಿಂದ ಹೇಳಿದ್ದಕ್ಕೆ ಆ್ಯಪ್ ಹಾಕಿಕೊಂಡು, ಆ ಬುಧವಾರಕ್ಕೇ ಗೌರಿಬಿದನೂರಿನಲ್ಲಿ ಒಂದು ರೂಮು ಬುಕ್ ಮಾಡಿದೆ. ಫೋನಿನಲ್ಲಿ ಹಸಿರು ಗುರುತು ಬಂತು. ಫೋಟೋದಲ್ಲಿ ಮಂಚದ ಮೇಲೆ ಟವೆಲ್ಲಿನಿಂದ ಮಾಡಿದ ಹಂಸ ಕೂತಿತ್ತು.

ಸಂಜೆ ಬೀದಿದೀಪ ಹತ್ತುವ ಹೊತ್ತಿಗೆ ಆ ಲಾಡ್ಜಿನ ಮುಂದೆ ಕಾರು ನಿಲ್ಲಿಸಿ ಒಳಗೆ ಹೋದೆ. ಕೌಂಟರಿನಲ್ಲಿ ಕೂತಿದ್ದವನು ನನ್ನ ಫೋನನ್ನು ಕೈಗೆ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

“ಇದು ನಮ್ಗೆ ಬಂದಿಲ್ವಲ್ಲ ಮೇಡಮ್.”

“ಕನ್ಫರ್ಮ್ ಅಂತಿದೆಯಲ್ಲಪ್ಪಾ.”

“ಅವ್ರು ಹಂಗೇ ಹಾಕ್ತಾರೆ. ನಮ್ಗೆ ಹೇಳಲ್ಲ.” ಆಮೇಲೆ ನನ್ನ ಹಿಂದೆ ಬಾಗಿಲ ಕಡೆ ನೋಡಿ, “ಜೊತೇಲಿ ಯಾರೂ ಇಲ್ವಾ? ಒಬ್ರೇನಾ?” ಅಂದ.

“ಒಬ್ಬಳೇ.”

“ಒಬ್ರೇ ಲೇಡೀಸ್‌ಗೆ ಕೊಡಲ್ಲ ಮೇಡಮ್. ಓನರ್ ಬೈತಾರೆ.”

ಅಲ್ಲಿ ಕೂತು ಪೇಪರ್ ಓದುತ್ತಿದ್ದ ಇಬ್ಬರು ಗಂಡಸರು ಪೇಪರ್ ಇಳಿಸಿ ನನ್ನನ್ನೇ ನೋಡಿದರು. ಎಷ್ಟೋ ವರ್ಷದಿಂದ ತಿರುಗುತ್ತಿದ್ದೇನೆ, ಮಂಡಿಯಲ್ಲಿ ಗಂಡಸರ ನಡುವೆ ನಿಂತು ಚೌಕಾಸಿ ಮಾಡುತ್ತೇನೆ. ಆದರೂ ಆ ಕ್ಷಣದಲ್ಲಿ ಅವನಿಗೆ ಎದುರಾಡದೆ ಬ್ಯಾಗು ಎತ್ತಿಕೊಂಡೆ. ಹೊರಗೆ ಬಂದು ಕಾರಿನಲ್ಲಿ ಕೂತು ಬಾಗಿಲು ಲಾಕ್ ಮಾಡಿಕೊಂಡೆ. ನಾನು ಮಾಮೂಲಾಗಿ ಉಳಿಯುತ್ತಿದ್ದ ಹಳೆಯ ಲಾಡ್ಜಿಗೆ ಫೋನು ಮಾಡಿದರೆ, ಅಲ್ಲಿ ಮದುವೆಯವರು ಬಂದು ಎಲ್ಲ ತುಂಬಿದೆ ಅಂದರು. ಕೊನೆಗೆ ಸಹೋದ್ಯೋಗಿಗೆ ಫೋನು ಮಾಡಿದೆ. ಅವನು ಮನೆಯಲ್ಲೇ ಇದ್ದ. ಬೈಕಿನಲ್ಲಿ ಓಡಿಬಂದವನ ಮುಖ ನನ್ನ ಮುಖಕ್ಕಿಂತ ಬಾಡಿತ್ತು.

“ಥೂ, ನಾನೇ ಹೇಳ್ದೆ ನಿಮ್ಗೆ. ನಮ್ಮನೆಗೇ ಬನ್ನಿ ಅಕ್ಕಾ.”

“ಬೇಡಪ್ಪಾ. ಬೇರೆ ಯಾವ್ದಾದ್ರೂ ಹೋಟ್ಲು ಇದ್ರೆ ತೋರ್ಸು.”

ಅವನು ಸ್ವಲ್ಪ ತಲೆ ಕೆರೆದುಕೊಂಡು, “ಹೊಸ್ದೊಂದಿದೆ. ಆದ್ರೆ ಪಾಯಿಂಟ್ ಗೀಯಿಂಟ್ ಏನ್ ಕೊಡ್ತಾರೋ ಗೊತ್ತಿಲ್ಲ” ಅಂದ. ಆ ಪರಿಸ್ಥಿತಿಯಲ್ಲೂ ನನಗೆ ನಗು ಬಂತು.

ಅವನ ಬೈಕಿನ ಹಿಂದೆ ಕಾರು ಓಡಿಸಿಕೊಂಡು ಹೋದೆ. ಊರಿನ ಹೊರಗೆ ಹಿಂದೂಪುರದ ದಾರಿಯಲ್ಲಿ ಮೂರಂತಸ್ತಿನ ಹೋಟೆಲು. ಕೌಂಟರಿನಲ್ಲಿ ಹತ್ತಿಯ ಸೀರೆ ಉಟ್ಟ ಮ್ಯಾನೇಜರ್ ಹೆಂಗಸು. ಅವಳು ಜೊತೆಗೆ ಯಾರಿದ್ದಾರೆ ಅಂತ ಕೇಳಲಿಲ್ಲ. ಗುರುತಿನ ಚೀಟಿ ನೋಡಿ ವಾಪಸ್ಸು ಕೊಟ್ಟಳು. ರೂಮಿನ ನಂಬರನ್ನು ಬೇರೆಯವರ ಕಿವಿಗೆ ಬೀಳುವಂತೆ ಬಾಯಿಬಿಟ್ಟು ಹೇಳದೆ, ಕೀ ಇಟ್ಟಿದ್ದ ಕವರಿನ ಮೇಲೆ ಬರೆದದ್ದನ್ನು ಬೆರಳಿನಿಂದ ತೋರಿಸಿ ನನ್ನ ಕಡೆಗೆ ತಳ್ಳಿದಳು. ಕಾರಿನ ಹಿಂದಿನ ಸೀಟಿನಲ್ಲಿ ತುಂಬಿದ್ದ ಕ್ರೇಟುಗಳು ಅವಳಿಗೆ ಗಾಜಿನಿಂದ ಕಾಣಿಸಿರಬೇಕು.

“ಮಾರ್ಕೆಟ್‌ಗೆ ಬೇಗ ಹೋಗ್ಬೇಕಾ ಮೇಡಮ್? ಫ್ಲಾಸ್ಕಲ್ಲಿ ಕಾಫಿ ಹಾಕಿ ಬಾಗಿಲ ಹತ್ರ ಇಡಿಸ್ತೀನಿ. ಎಷ್ಟೊತ್ಗೆ ಬೇಕು ಹೇಳಿ.”

ಆ ರೂಮಿನಲ್ಲಿ ಟವೆಲ್ಲಿನ ಹಂಸ ಇರಲಿಲ್ಲ. ಮಂಚ, ಮೇಜು, ಒಂದು ಕುರ್ಚಿ, ಒಳಗಿನಿಂದ ಗಟ್ಟಿಯಾಗಿ ಬೀಳುವ ಚಿಲಕ. ಸ್ನಾನಕ್ಕೆ ಬಿಸಿನೀರು ಬಂತು. ಮಂಚದ ಮೇಲೆ ಕಾಲು ಚಾಚಿ ಕೂತಾಗ, ನನ್ನ ಭುಜ ಕಿವಿಯ ಹತ್ತಿರಕ್ಕೆ ಬಂದು ನಿಂತಿತ್ತು ಅನ್ನುವುದು ಅದು ಕೆಳಗಿಳಿದ ಮೇಲೆಯೇ ನನಗೆ ಗೊತ್ತಾದದ್ದು.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಆ ಮ್ಯಾನೇಜರನ್ನು ಸದಸ್ಯತ್ವದ ಬಗ್ಗೆ ಕೇಳಿದೆ. ಅವರದು ಒಂದೇ ಮನೆತನದ ಮೂರು ಹೋಟೆಲು: ಗೌರಿಬಿದನೂರಿನಲ್ಲಿ ಇದು, ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲೊಂದು, ಚಿಂತಾಮಣಿಯಲ್ಲೊಂದು. ಉಳಿದಷ್ಟು ರಾತ್ರಿಗೆ ಪಾಯಿಂಟು. ಒಂದೇ ವಾರದಲ್ಲಿ ಮೂರೂ ಊರಿನಲ್ಲಿ ಉಳಿದರೆ ಪಾಯಿಂಟು ದುಪ್ಪಟ್ಟು, ಜೊತೆಗೆ ನೀವು ಬರುವ ವಾರದಲ್ಲಿ ನಿಮ್ಮ ರೂಮು ಬೇರೆಯವರಿಗೆ ಕೊಡುವುದಿಲ್ಲ. ಪಾಯಿಂಟು ತುಂಬಿದರೆ ಒಂದು ರಾತ್ರಿ ಬಿಟ್ಟಿ, ಅದನ್ನು ನಾವೇ ಬಳಸಬೇಕೆಂದಿಲ್ಲ, ಯಾರಿಗಾದರೂ ಕೊಡಬಹುದು.

“ಚಿಂತಾಮಣೀಲಿ ಬೇಡ. ಅಲ್ಲಿ ನಮ್ ಚಿಕ್ಕಮ್ಮ ಇದಾರೆ” ಅಂದೆ.

“ಹಂಗಾದ್ರೆ ಕಷ್ಟನೇ” ಅಂತ ಮ್ಯಾನೇಜರ್ ನಕ್ಕಳು. ಅವಳಿಗೂ ಚಿಕ್ಕಮ್ಮಂದಿರು ಇದ್ದಿರಬೇಕು.

ಆ ವಾರವೆಲ್ಲ ತಲೆಯಲ್ಲಿ ಇದೇ. ಆ್ಯಪ್ ಅಂತೂ ಬೇಡ ಅನ್ನುವುದು ಖಚಿತವಾಗಿತ್ತು. ಈ ಮೂರು ಹೋಟೆಲಿನವರ ಸದಸ್ಯತ್ವವೇ ಸರಿ. ಆದರೆ ಎರಡೇ ಊರಿಗೆ ಅದು ಅರ್ಧಂಬರ್ಧ. ರೂಮಿನ ಭರವಸೆ ಸಿಗುವುದು ಮೂರೂ ಊರಿನಲ್ಲಿ ಉಳಿಯುವವರಿಗೆ. ಮದುವೆಯ ಕಾಲದಲ್ಲಿ, ಬೀದಿಯಲ್ಲಿ ನಿಲ್ಲುವ ಗತಿ ಮತ್ತೆ ಬಂದರೆ? ಇದು ಹೊರಗೆ ಹೇಳಿಕೊಳ್ಳಬಹುದಾದ ಕಾರಣ. ಹೇಳಿಕೊಳ್ಳಲಾಗದ ಕಾರಣವೆಂದರೆ, ಮಂಗಳವಾರವೂ ನನಗೆ ಆ ಚಿಲಕ ಬೇಕಾಗಿತ್ತು.

ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಊರಿನಲ್ಲಿ ರಕ್ತಸಂಬಂಧಿಗಳು ಇರುವಾಗ ಲಾಡ್ಜಿನಲ್ಲಿ ಉಳಿಯುವುದೆಂದರೆ ಅವರ ಮನೆಯ ಅನ್ನವನ್ನು ಬೇಡ ಅಂದ ಹಾಗೆ. ನಮ್ಮ ನೆಂಟರಲ್ಲಿ ಒಬ್ಬರು ಗೃಹಪ್ರವೇಶಕ್ಕೆ ಬಂದು, ಬೆನ್ನುನೋವು ಅಂತ ಹೋಟೆಲಿನಲ್ಲಿ ಉಳಿದದ್ದನ್ನು ಈಗಲೂ ಮದುವೆ ಮುಂಜಿಯಲ್ಲಿ ನೆನೆಸಿಕೊಂಡು ಆಡುತ್ತಾರೆ. ಅಮ್ಮ ಇಲ್ಲವಾದ ಮೇಲೆ ನನಗೆ ಆ ಕಡೆಯಿಂದ ಉಳಿದ ತವರೆಂದರೆ ಚಿಕ್ಕಮ್ಮನ ಮನೆಯೇ. ಅದಕ್ಕೆ ಏಟು ಬಿದ್ದರೆ?

ನನ್ನ ಗಂಡನ ಹತ್ತಿರ ಹೇಳಿಕೊಂಡೆ. ಅವರು ಹೆಚ್ಚು ಮಾತಿನವರಲ್ಲ. “ಹೋಟ್ಲಿಗೆ ಹೋಗೋಕೆ ಮುಂಚೆ ನೀನೇ ಹೋಗಿ ಹೇಳ್ಬಿಡು. ಬೇರೆಯೋರ ಬಾಯಿಂದ ಕೇಳಿದ್ರೆ ಅದು ಬೇರೆ ಥರ ಆಗುತ್ತೆ” ಅಂದರು. ಅದು ನನಗೂ ಗೊತ್ತಿತ್ತು. ಆದರೂ ಇನ್ನೊಬ್ಬರು ಹೇಳಿದ ಮೇಲೆ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು.

ಮುಂದಿನ ಮಂಗಳವಾರ ಚಿಕ್ಕಬಳ್ಳಾಪುರದ ಕೆಲಸ ಮುಗಿಸಿ, ಶಿಡ್ಲಘಟ್ಟ ದಾಟಿ ಚಿಂತಾಮಣಿಯ ಕಡೆ ಬರುವಾಗ ಕಾರಿನಲ್ಲೇ ಗಟ್ಟಿಯಾಗಿ ಅಭ್ಯಾಸ ಮಾಡಿದೆ. ‘ಕಂಪನಿ ರೂಲ್ಸು ಚಿಕ್ಕಮ್ಮ’ ಅಂತ ಶುರು ಮಾಡೋಣ ಅಂದುಕೊಂಡೆ. ಅದು ಪೂರ್ತಿ ನಿಜವಲ್ಲ, ಮನೆಯಲ್ಲಿ ಉಳಿಯಬೇಡ ಅಂತ ಕಂಪನಿ ಎಲ್ಲೂ ಹೇಳಿರಲಿಲ್ಲ. ‘ನಿನಗೆ ತೊಂದರೆ ಕೊಡಬಾರದು ಅಂತ’ ಅಂದರೆ, ನೀನು ನನಗೆ ತೊಂದರೆಯಾ ಅಂತ ಅವಳು ಅಳುತ್ತಾಳೆ. ರಸ್ತೆಯ ಎರಡೂ ಬದಿಗೆ ಹಿಪ್ಪುನೇರಳೆ ತೋಟ, ಹೂಕೋಸು, ದ್ರಾಕ್ಷಿ ಚಪ್ಪರ ಹಿಂದಕ್ಕೆ ಹೋಗುತ್ತಿದ್ದವು. ನಾನು ಒಂದು ವಾಕ್ಯವನ್ನೂ ಸರಿಯಾಗಿ ಮುಗಿಸಲಿಲ್ಲ.

ಮಧ್ಯಾಹ್ನ ಕಳೆದು ಬಿಸಿಲು ತಗ್ಗಿತ್ತು. ಚಿಕ್ಕಮ್ಮ ಜಗಲಿಯಲ್ಲಿ ನೆನೆಹಾಕಿದ ಅವರೆಕಾಳಿನ ಸಿಪ್ಪೆ ಹಿಸುಕುತ್ತಾ ಕೂತಿದ್ದಳು. ಚಿಕ್ಕಪ್ಪ ಒಳಗೆ ಟಿವಿಯ ಮುಂದೆ.

“ಏನ್ ಇವತ್ತು ಬೇಗ್ ಬಂದ್ಬಿಟ್ಟೆ ಕಣೇ! ಬಾ ಬಾ. ಇದಿಷ್ಟು ಹಿಸುಕಿದ್ರೆ ಆಯ್ತು, ಸಾರಿಗಿಡ್ತೀನಿ.”

ನಾನು ಬ್ಯಾಗು ಕಾರಿನಲ್ಲೇ ಬಿಟ್ಟು ಬಂದಿದ್ದೆ. ಅವಳ ಪಕ್ಕ ಕೂತು ನಾನೂ ನಾಲ್ಕು ಕಾಳು ಹಿಸುಕಿದೆ. ಆಮೇಲೆ ತಡೆಯಲಾಗದೆ ಹೇಳಿಬಿಟ್ಟೆ. ಗೌರಿಬಿದನೂರಿನ ಲಾಡ್ಜಿನಲ್ಲಿ ಆದದ್ದು, ಹೊಸ ಹೋಟೆಲು, ಸದಸ್ಯತ್ವ, ಮೂರೂ ಊರಿನಲ್ಲಿ ಉಳಿದರೆ ರೂಮಿನ ಭರವಸೆ, ಎಲ್ಲ. ಕೊನೆಗೆ, “ಅದಕ್ಕೇ ಇನ್ ಮೇಲೆ ಮಂಗಳವಾರ ಇಲ್ಲೇ, ಚಿಂತಾಮಣಿ ಹೋಟ್ಲಲ್ಲೇ ಉಳಿಯಣ ಅಂತಿದೀನಿ ಚಿಕ್ಕಮ್ಮ. ಕಂಪನಿ ಬಲವಂತ ಏನಿಲ್ಲ. ನನಗೂ ಕೆಲ್ಸ ಮಾಡ್ಕೊಂಡು ಒಂದ್ ಸ್ವಲ್ಪ ಸುಮ್ನೆ ಇರ್ಬೇಕು ಅನ್ಸುತ್ತೆ” ಅಂದೆ.

ಅವಳ ಬೆರಳು ನಿಂತಿತು. ಒಳಗೆ ಟಿವಿಯ ಶಬ್ದವೂ ನಿಂತಿತು. ಚಿಕ್ಕಪ್ಪ ಮ್ಯೂಟ್ ಮಾಡಿದ್ದರು.

“ಪ್ರತಿ ಮಂಗಳವಾರಾನೂನಾ?”

“ಹೂಂ.”

“ಊಟ?”

“ಅಲ್ಲೇ ಮಾಡ್ತೀನಿ.”

ಅವಳು ಎದ್ದು, ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಮುಖ ತೊಳೆಯುತ್ತಿದ್ದಾಳೆ, ಅತ್ತಿದ್ದು ಕಾಣಬಾರದು ಅಂತ, ಅಂದುಕೊಂಡೆ. ಬೇಡ ಬಿಡು, ಎರಡೇ ಊರು ಸಾಕು, ರೂಮು ಸಿಗದಿದ್ದರೆ ಆಗ ನೋಡಿಕೊಂಡರಾಯಿತು ಅಂತ ಹೇಳಿಬಿಡಲು ಎದ್ದು ನಿಂತೆ.

ಚಿಕ್ಕಮ್ಮ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಅವಳು ಅಳುತ್ತಿರಲಿಲ್ಲ. ಅವಳ ಮುಖದಲ್ಲಿದ್ದದ್ದು, ಹೊಸ ಸೀರೆ ಉಡಲು ಹೊರಟ ಹುಡುಗಿಯ ಮುಖದಲ್ಲಿ ಇರುವಂಥ ಹುರುಪು.

“ನಿಜವಾಗ್ಲೂ ಬೇಜಾರಿಲ್ದೆ ಹೇಳ್ತಾ ಇದೀಯಾ? ನಾನ್ ಏನಾದ್ರೂ ಅಂದೆ ಅಂತ ಅಲ್ವಲ್ಲ?”

“ಅಯ್ಯೋ, ನೀನೇನಂದೆ ಚಿಕ್ಕಮ್ಮಾ? ನಿಂಗೇ ಬೇಜಾರಾಗುತ್ತೆ ಅಂತ ನಾನು...”

“ನಂಗಾ?” ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಹೆಂಗ್ ಹೇಳದು ಅಂತ ನಾನು ಒದ್ದಾಡ್ತಾ ಇದ್ದೆ ಕಣಮ್ಮ. ಮಂಗಳವಾರ ಬದ್ಲು ಬೇರೆ ದಿನ ಬಾರೇ ಅನ್ನಣ ಅಂದ್ರೆ, ನೀನು ತಪ್ಪು ತಿಳ್ಕೊಂಡ್ರೆ? ಅಕ್ಕ ಇದ್ದಿದ್ರೆ ಹಿಂಗಂತಿದ್ಲಾ ಅಂದ್ಕೊಂಡ್ರೆ?”

“ಮಂಗಳವಾರ ಏನಿದೆ?”

ಚಿಕ್ಕಪ್ಪ ಒಳಗಿನಿಂದಲೇ ಕೂಗಿದರು. “ಥ್ರೋಬಾಲ್! ನಿಮ್ ಚಿಕ್ಕಮ್ಮ ಥ್ರೋಬಾಲ್ ಆಡ್ತಾಳೆ!”

ನನಗೆ ಅರ್ಥವಾಗಲಿಲ್ಲ. ಚಿಕ್ಕಮ್ಮ ನಾಚಿಕೊಂಡು ಕಾಲುಂಗುರ ನೋಡುತ್ತಾ ವಿಷಯ ಬಿಡಿಸಿ ಹೇಳಿದಳು. ಅವರ ಬಡಾವಣೆಯ ಹೆಂಗಸರು ಸೇರಿಕೊಂಡು ಹತ್ತಿರದ ಶಾಲೆಯ ಮೈದಾನದಲ್ಲಿ ಸಂಜೆ ಥ್ರೋಬಾಲ್ ಆಡುತ್ತಾರೆ. ಮಂಗಳವಾರ ಮತ್ತು ಶುಕ್ರವಾರ. ಶಾಲೆಯವರು ಮೈದಾನ ಕೊಡುವುದು ಆ ಎರಡು ದಿನವೇ. ಹೈಸ್ಕೂಲಿನಲ್ಲಿ ತಾನು ಆಡುತ್ತಿದ್ದೆ ಅಂತ ಬಾಯಿ ತಪ್ಪಿ ಹೇಳಿದ್ದಕ್ಕೆ ಇವಳನ್ನೂ ಎಳೆದುಕೊಂಡು ಹೋಗಿದ್ದರು. ಶುಕ್ರವಾರ ಹೋಗುತ್ತಾಳೆ, ಮಂಗಳವಾರ ನಾನು ಬರುತ್ತೇನೆ ಅಂತ ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ಮಂಗಳವಾರ ಅವರ ತಂಡಕ್ಕೆ ಒಬ್ಬರು ಕಡಿಮೆ. ದಸರಾ ಪಂದ್ಯಕ್ಕೆ ಹೆಸರು ಬೇರೆ ಕೊಟ್ಟಿದ್ದಾರೆ.

“ನೀನ್ ಬರ್ತೀಯ ಅಂದ್ರೆ ನಂಗ್ ಆಸೆನೇ. ಆದ್ರೆ ಒಲೆ ಮುಂದೆ ನಿಂತ್ಕೊಂಡು ಅಲ್ಲಿ ವಿಸಿಲ್ ಊದೋದು ಕೇಳುಸ್ತಾ ಇದ್ರೆ ಕಾಲು ನಿಲ್ತಾ ಇರ್ಲಿಲ್ಲ ಕಣೇ.”

ನನಗೆ ನಗು ಬಂತು, ಅದರ ಜೊತೆಗೇ ಅಳುವೂ. ಇಷ್ಟು ದಿನ ಕಣ್ಣು ಎಳೆಯುತ್ತಾ ಮಾತಾಡುತ್ತಿದ್ದ ನಾವಿಬ್ಬರೂ ಒಬ್ಬರಿಗೊಬ್ಬರು ಬೇಜಾರು ಮಾಡಬಾರದೆಂದು ಎಷ್ಟು ಕಷ್ಟಪಟ್ಟಿದ್ದೆವು! ಅವಳ ಬೆನ್ನಿಗೆ ಒಂದು ಗುದ್ದಿದೆ. ಅವಳು ನನ್ನ ಕೆನ್ನೆ ಹಿಂಡಿದಳು, ಅವರೆಕಾಳಿನ ವಾಸನೆಯ ಕೈಯಿಂದ.

“ಇವತ್ತೂ ಮಂಗಳವಾರನೇ ಅಲ್ವಾ? ಹೋಗಣ ನಡಿ” ಅಂದೆ.

“ಈ ಸಾರು?”

“ನಾನ್ ಹಿಸುಕ್ತೀನಿ, ಹೋಗ್ರಮ್ಮಾ” ಅಂತ ಚಿಕ್ಕಪ್ಪ ಹೊರಗೆ ಬಂದು ಪಾತ್ರೆಯ ಮುಂದೆ ಕೂತರು. ಆಟ ಮುಗಿಸಿ ಬಂದಾಗ ನೋಡಿದರೆ ಅವರು ಹಿಸುಕಿದ್ದಕ್ಕಿಂತ ನೆಲಕ್ಕೆ ಹಾರಿಸಿದ್ದೇ ಜಾಸ್ತಿ ಇತ್ತು. ಅದು ಆಮೇಲಿನ ಮಾತು.

ಮೈದಾನದಲ್ಲಿ ಹತ್ತು ಹನ್ನೆರಡು ಹೆಂಗಸರು. ಕೆಲವರು ಚೂಡಿದಾರಿನಲ್ಲಿ, ಕೆಲವರು ಸೀರೆಯನ್ನು ಮೇಲೆ ಸಿಕ್ಕಿಸಿಕೊಂಡು. ಚಿಕ್ಕಮ್ಮ ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡು ಬಂದದ್ದನ್ನು ಕಂಡು ಎಲ್ಲರೂ ‘ಹೋ’ ಅಂತ ಕೂಗಿದರು. ನಾನು ಕಟ್ಟೆಯ ಮೇಲೆ ಕೂತೆ. ಆ ಕಡೆಯ ತಂಡದವರು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೂಗಾಡುತ್ತಿದ್ದರು. “ಪಟ್ಟುಕೋ, ಪಟ್ಟುಕೋ! ಬಿಡಬೇಡ್ರೇ ಅದನ್ನ!” ಚೆಂಡು ಚಿಕ್ಕಮ್ಮನ ಕಡೆಗೆ ಬಂತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಎದೆಯ ಹತ್ತಿರ ಹಿಡಿದು, ಹಿಡಿದ ಗಳಿಗೆಗೇ ತಿರುಗಿ ಎಸೆದಳು. ಆ ಕಡೆ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡು ನಿಂತ ಜಾಗದ ನಡುವೆ ಚೆಂಡು ಬಿತ್ತು. ಇಷ್ಟು ವರ್ಷ ನಾನು ಆ ಕೈಯನ್ನು ಮುದ್ದೆ ಕಟ್ಟುವುದರಲ್ಲಿ, ಜಡೆ ಹೆಣೆಯುವುದರಲ್ಲಿ ನೋಡಿದ್ದೆ. ಅದು ಇನ್ನೊಂದು ಕೆಲಸವನ್ನೂ ಬಲ್ಲದು ಅಂತ ಗೊತ್ತಿರಲಿಲ್ಲ.

ಆಟ ಮುಗಿದ ಮೇಲೆ ಅವಳ ಮನೆಯಲ್ಲೇ ಉಂಡು, ಹೋಟೆಲಿಗೆ ಬಂದೆ. ಬಾಗಿಲವರೆಗೆ ಬಂದು ಕಳಿಸಿದ ಚಿಕ್ಕಮ್ಮ, “ಅಲ್ಲಿ ಸರಿಯಿಲ್ಲ ಅಂದ್ರೆ ಫೋನ್ ಮಾಡು, ನಿಮ್ ಚಿಕ್ಕಪ್ಪನ್ನ ಕಳುಸ್ತೀನಿ” ಅಂದಳು. ಫೋನು ಮಾಡುವ ಪ್ರಸಂಗ ಬರಲಿಲ್ಲ. ಅಲ್ಲಿಯೂ ಕವರಿನ ಮೇಲೆ ಬೆರಳು ತೋರಿಸಿಯೇ ಕೀ ಕೊಟ್ಟರು. ಸದಸ್ಯತ್ವದ ಅರ್ಜಿ ಫೋನಿನಲ್ಲೇ ತುಂಬಿ, ಕಂಪನಿಗೆ ಒಂದು ಸಾಲಿನ ಮೇಲ್ ಬರೆದೆ. ಹಗುರವಾಯಿತು. ಬಹಳ ದಿನದ ಮೇಲೆ ಹಾಸಿಗೆಗೆ ತಲೆ ಕೊಟ್ಟ ಕೂಡಲೇ ನಿದ್ದೆ ಬಂತು.

ಗೌರಿಬಿದನೂರಿನ ನನ್ನ ಸಹೋದ್ಯೋಗಿಗೆ ಇದು ಸಮಾಧಾನವಾಗಲಿಲ್ಲ. “ಮೂರೇ ಊರಲ್ಲಿ ಇರೋ ಪಾಯಿಂಟ್ ತಗೊಂಡ್ ಏನ್ಮಾಡ್ತೀರಾ ಅಕ್ಕಾ? ಗೋವಾ ಇಲ್ಲ, ಊಟಿ ಇಲ್ಲ.” ನಾನು ಇರುವುದೇ ಆ ಮೂರು ಊರಲ್ಲಿ ಅಲ್ಲವೇನಪ್ಪಾ ಅಂದೆ. ಅವನು ‘ಅದೂ ಸರಿನೇ’ ಅಂದ. ಎರಡು ತಿಂಗಳ ನಂತರ ಅವನೂ ಅದೇ ಸದಸ್ಯತ್ವ ತೆಗೆದುಕೊಂಡ. ಮಂಚೇನಹಳ್ಳಿಯಲ್ಲಿ ಒಂದು ಹೋಟೆಲು ತೆರೆಯುವಂತೆ ಅವರಿಗೆ ಸಲಹೆ ಕೂಡ ಬರೆದ ಅಂತ ಕೇಳಿದೆ.

ಆಮೇಲಿನ ಮಂಗಳವಾರಗಳು ಬೇರೆ ಥರ ಆದವು. ಬೇಗ ಮುಗಿದ ದಿನ ನೇರವಾಗಿ ಮೈದಾನಕ್ಕೆ ಹೋಗಿ ಕಟ್ಟೆಯ ಮೇಲೆ ಕೂರುತ್ತೇನೆ. ಆಟ ಮುಗಿದ ಮೇಲೆ ಅಲ್ಲೇ ಗಾಡಿಯಲ್ಲಿ ಇಬ್ಬರೂ ಚುರುಮುರಿ ತಿನ್ನುತ್ತೇವೆ. ಅರ್ಧ ಗಂಟೆ ಮಾತು, ಅದೂ ಬೇಕಾದ ಮಾತು. ನನ್ನ ಮಗಳು ಗಣಿತ ಬಿಟ್ಟು ಚಿತ್ರಕಲೆ ಓದುತ್ತೇನೆ ಅಂತ ಹಟ ಹಿಡಿದಿರುವುದನ್ನು ನಾನು ಮೊದಲು ಹೇಳಿಕೊಂಡದ್ದು ಆ ಗಾಡಿಯ ಹತ್ತಿರವೇ. ನಡುಮನೆಯಲ್ಲಿ ಹಾಸಿಗೆ ಹಾಸಿಕೊಂಡು ಅಷ್ಟು ವರ್ಷ ಮಲಗಿದರೂ ಇಂಥದ್ದನ್ನು ನಾವು ಮಾತಾಡಿದ ನೆನಪಿಲ್ಲ. ತಡವಾದ ದಿನ ಹೋಗುವುದಿಲ್ಲ. ಫೋನಿನಲ್ಲಿ ಒಂದು ಮಾತು, ಅಷ್ಟೇ. ಯಾರೂ ಕಾಯುವುದಿಲ್ಲ, ಯಾರಿಗೂ ಕೋಪವಿಲ್ಲ. ದಸರಾ ಪಂದ್ಯದಲ್ಲಿ ಅವರು ಮೊದಲ ಸುತ್ತಿನಲ್ಲೇ ಸೋತರು. ಗೆದ್ದಿದ್ದರೂ ಆ ಸಂಜೆ ಮಾಡಿದಷ್ಟು ಗಲಾಟೆ ಮಾಡುತ್ತಿರಲಿಲ್ಲವೇನೋ.

ಪಾಯಿಂಟು ತುಂಬಿ ಬಿಟ್ಟಿ ರಾತ್ರಿಯ ಮೆಸೇಜು ಬಂದಾಗ ನನಗೆ ಮೊದಲು ಹೊಳೆದದ್ದು ಚಿಕ್ಕಮ್ಮನೇ.

“ನನ್ನೂರಲ್ಲಿ ನಾನ್ ಲಾಡ್ಜಲ್ಲಿ ಮಲಕ್ಕಳದಾ? ಜನ ಏನಂತಾರೆ? ನಿಂಗೇನಾದ್ರೂ ತಲೆ ಕೆಟ್ಟಿದೆಯಾ?” ಅಂದಳು. ಚಿಕ್ಕಪ್ಪನ ಜೊತೆ ಬಾ ಅಂದರೆ, “ಅವ್ರು ಅಲ್ಲೂ ಟಿವಿನೇ ಹಾಕ್ತಾರೆ” ಅಂದಳು. ಎರಡು ವಾರ ಇದೇ ನಡೆಯಿತು. ಮೂರನೆಯ ವಾರ ಮೈದಾನದಿಂದ ಹೊರಡುವಾಗ, ಕೈಚೀಲವನ್ನು ಮುಂದೆ ಹಿಡಿದು, “ಸರ್ಲೇ, ಬರ್ತೀನಿ. ಒಂದೇ ದಿನ” ಅಂದಳು. ಚೀಲದಲ್ಲಿ ಒಗೆದು ಮಡಿಸಿದ ಬೆಡ್‌ಶೀಟು, ದಿಂಬಿನ ಕವರು, ಒಂದು ಡಬ್ಬಿ ಚಕ್ಕುಲಿ.

ನನ್ನ ರೂಮಿನ ಪಕ್ಕದ ರೂಮೇ ಅವಳಿಗೆ ಕೊಟ್ಟರು. ಬಾಗಿಲು ತೆರೆದು ಒಳಗೆ ಹೋದವಳು ಮೊದಲು ಬಚ್ಚಲು ನೋಡಿದಳು, ಮೂಗಿನ ಹತ್ತಿರ ಹಿಡಿದು ಟವೆಲು ನೋಡಿದಳು, ತಾನು ತಂದಿದ್ದ ಬೆಡ್‌ಶೀಟನ್ನು ವಾಪಸ್ಸು ಚೀಲಕ್ಕೆ ಹಾಕಿದಳು. ಆಮೇಲೆ ಕಿಟಕಿಯ ಪರದೆ ಸರಿಸಿದಳು. ಅಲ್ಲಿಂದ ಅವರ ಬಡಾವಣೆಯ ನೀರಿನ ಟ್ಯಾಂಕು, ಶಾಲೆಯ ಮೈದಾನದ ಮೂಲೆ ಕಾಣುತ್ತಿತ್ತು. ಸಂಜೆಯ ಬೆಳಕಿನಲ್ಲಿ ದೂರದಲ್ಲಿ ಬೆಟ್ಟ.

“ನಮ್ಮನೆ ಹಿಂದಿನ ತೆಂಗಿನ್ ಮರ ನೋಡೇ ಅಲ್ಲಿ! ಎಷ್ಟ್ ಚಿಕ್ಕದಾಗಿ ಕಾಣುತ್ತೆ.”

ಅಷ್ಟರಲ್ಲಿ ಚಿಕ್ಕಪ್ಪನ ಫೋನು. ದೋಸೆಹಿಟ್ಟು ಎಲ್ಲಿದೆ ಅಂತ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಅಂದಳು. ಮತ್ತೆ ಫೋನು, ಕಾವಲಿ ಯಾವುದು ಅಂತ. ಮೂರನೆಯ ಸಲ ಗಂಟೆ ಬಡಿದಾಗ ಅವಳು ಫೋನನ್ನು ದಿಂಬಿನ ಕೆಳಗೆ ತುರುಕಿ ನನ್ನನ್ನು ನೋಡಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಮಾರುಕಟ್ಟೆಗೆ ಹೋದೆ. ಮಂಡಿಯವರೊಬ್ಬರು ಬಹಳ ದಿನದಿಂದ ಕಾಯಿಸುತ್ತಿದ್ದ ಆರ್ಡರು ಕೊಟ್ಟರು. ಕೆಲಸ ಮುಗಿಸಿ ವಾಪಸ್ಸು ಬಂದು ಅವಳ ಬಾಗಿಲು ತಟ್ಟಿದಾಗ ಬಿಸಿಲು ಏರಿತ್ತು. ಚಿಕ್ಕಮ್ಮ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಹರಡಿಕೊಂಡು, ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮೇಜಿನ ಮೇಲೆ ಇಡ್ಲಿ ತಿಂದ ತಟ್ಟೆ. ರೂಮಿಗೇ ತರಿಸಿಕೊಂಡಿದ್ದಳು.

“ಬೆಳಗಿಂದ ಏನ್ಮಾಡ್ದೆ ಚಿಕ್ಕಮ್ಮಾ?”

“ಏನೂ ಇಲ್ಲ ಕಣೇ.” ಮತ್ತೆ ಹೇಳಿದಳು, ತನಗೇ ನಂಬಿಕೆಯಾಗದವಳ ಹಾಗೆ. “ಏನೇನೂ ಮಾಡ್ಲಿಲ್ಲ.”

ನನಗೆ ಶಿಡ್ಲಘಟ್ಟಕ್ಕೆ ಹೊತ್ತಾಗುತ್ತಿತ್ತು. ಚಂದ್ರಿಕೆ ಇಳಿಸುವ ಲಾರಿ ಹೊರಟಿದೆ ಅಂತ ಆಗಲೇ ಫೋನು ಬಂದಿತ್ತು. ಮನೆಗೆ ಬಿಟ್ಟು ಹೋಗುತ್ತೇನೆ, ಚೀಲ ತಗೋ ಅಂದೆ.

ಅವಳು ಏಳಲಿಲ್ಲ. “ರೂಮ್ ಯಾವಾಗ ಖಾಲಿ ಮಾಡ್ಬೇಕು?”

“ಹನ್ನೆರ್ಡಕ್ಕೆ.”

“ಹಂಗಾದ್ರೆ ನೀನ್ ಹೋಗಮ್ಮ. ನಾನ್ ಆಟೋದಲ್ಲಿ ಹೋಗ್ತೀನಿ” ಅಂದು ಕಾಲನ್ನು ಮಂಚದ ಅಂಚಿಗೆ ಚಾಚಿಕೊಂಡಳು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದ ಮೇಲೆ ಒಳಗೆ ಚಿಲಕ ಬಿದ್ದ ಸದ್ದು ಕೇಳಿಸಿತು. ಮೆಟ್ಟಿಲು ಇಳಿದು ಕಾರು ತೆಗೆದೆ.